ಐ5 ಎಂಬ ಹೆಸರು, ಅದರೊಳಗಿನ ಹುರುಳು

ಪಿಯುಸಿ ಫಲಿತಾಂಶ ಬಂದು, ಸಿಇಟಿ ಕೌನ್ಸೆಲಿಂಗಿನ ಗಡಿಬಿಡಿ ಮುಗಿಯುವ ಹೊತ್ತಿಗೆ ಶಿಕಾರಿಪುರ, ಸೊರಬ ತಾಲ್ಲೂಕುಗಳ ಮನೆಗಳಲ್ಲಿ ಇನ್ನೊಂದು ಚರ್ಚೆ ಶುರುವಾಗುತ್ತದೆ. ಓದುವ ಮಗನಿಗೋ ಮಗಳಿಗೋ ಒಂದು ಕಂಪ್ಯೂಟರ್ ಕೊಡಿಸಬೇಕು. ಅಡಿಕೆ, ಜೋಳ, ಶುಂಠಿ ಮಾರಿ ಬಂದ ಹಣದಲ್ಲಿ ಕಾಲೇಜಿನ ಶುಲ್ಕ ಕಳೆದು, ಹಾಸ್ಟೆಲ್ಲಿನ ಮುಂಗಡ ಕಳೆದು ಉಳಿದದ್ದರಲ್ಲಿ ಇದೂ ಆಗಬೇಕು. ಒಮ್ಮೆ ಕೊಂಡರೆ ನಾಲ್ಕೈದು ವರ್ಷ, ಅಂದರೆ ಓದು ಮುಗಿಯುವ ತನಕ, ಮತ್ತೊಂದರ ಮಾತಿಲ್ಲ.

"ಐ5 ಇರೋದೇ ತಗೋಬೇಕಂತೆ ಅಪ್ಪ" ಎನ್ನುತ್ತಾಳೆ ಮಗಳು. ಅಂಗಡಿಯವರೂ "ಐ5 ಇದೆ ಯಜಮಾನ್ರೇ, ಕಣ್ಣು ಮುಚ್ಚಿಕೊಂಡು ತಗೊಂಡು ಹೋಗಿ" ಎನ್ನುತ್ತಾರೆ. ಕಣ್ಣು ತೆರೆಯಬೇಕಾದದ್ದು ಸರಿಯಾಗಿ ಅಲ್ಲಿಯೇ.

ಅಡಿಕೆ ಮಂಡಿ ಕಂಡವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. 'ಅಡಿಕೆ ತಂದಿದ್ದೇನೆ' ಎಂದಷ್ಟೇ ಹೇಳಿದರೆ ಶಿವಮೊಗ್ಗದ ಮಂಡಿಯಲ್ಲಿ ಯಾರೂ ದರ ಹೇಳುವುದಿಲ್ಲ. ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ ಎಂದು ಚೀಲ ಬಿಚ್ಚಿ ನೋಡಿದ ಮೇಲೆಯೇ ಮಾತು. 'ಐ5' ಎಂಬುದು ಬರೀ ಕುಲದ ಹೆಸರು. ಇಂಟೆಲ್ ಕಂಪನಿ 2009ರಿಂದ ಈ ಹೆಸರಿನಲ್ಲಿ ಹತ್ತಾರು ಬಗೆಯ ಪ್ರೊಸೆಸರ್‌ಗಳನ್ನು ಮಾರಿದೆ. ಮೊದಲಿನದಕ್ಕೂ ಈಚಿನದಕ್ಕೂ ಎತ್ತಿನ ಗಾಡಿಗೂ ಟ್ರ್ಯಾಕ್ಟರಿಗೂ ಇರುವಷ್ಟು ಅಂತರ. ಹೆಸರು ಮಾತ್ರ ಒಂದೇ.

ಚೀಲ ಬಿಚ್ಚಿದರೆ

ಊರಿನಲ್ಲಿ ಮೇಜಿನ ಕೆಳಗೆ ಕೂರುವ ತಗಡಿನ ಪೆಟ್ಟಿಗೆಗೇ ಸಿಪಿಯು ಎನ್ನುವುದು ರೂಢಿ. ನಿಜವಾದ ಸಿಪಿಯು, ಅಂದರೆ ಪ್ರೊಸೆಸರ್, ಅದರೊಳಗೆ ಫ್ಯಾನಿನ ಅಡಿಯಲ್ಲಿ ಅಡಗಿರುವ, ಬೆಂಕಿಪೊಟ್ಟಣದಷ್ಟು ಅಗಲದ ಚಪ್ಪಟೆ ಚಿಪ್. ಮಧ್ಯಮ ದರ್ಜೆಯ ಚಿಪ್‌ಗಳನ್ನು ತೂಗಿ ನೋಡಲು ಐ5-12400 ಒಳ್ಳೆಯ ಮಾದರಿ. ಇಂಟೆಲ್ ಅದನ್ನು ಬಿಡುಗಡೆ ಮಾಡಿದ್ದು 2022ರ ಜನವರಿಯಲ್ಲಿ. ಆಗ ಪ್ರಕಟಿಸಿದ ದರ 192 ಡಾಲರ್. ಅಗ್ಗದ್ದೂ ಅಲ್ಲ, ಶ್ರೀಮಂತರ ಆಟಿಕೆಯೂ ಅಲ್ಲ.

ಹೆಸರಿನ ಮುಂದಿನ ಅಂಕಿಯನ್ನು ಓದಲು ಕಲಿತರೆ ಅರ್ಧ ಮೋಸ ತಪ್ಪುತ್ತದೆ. 12400ರಲ್ಲಿ ಮೊದಲ ಎರಡು ಅಂಕಿ, ಅಂದರೆ 12, ತಲೆಮಾರನ್ನು ಹೇಳುತ್ತದೆ. ಇದು ಹನ್ನೆರಡನೆಯ ತಲೆಮಾರಿನದು. ಡೆಸ್ಕ್‌ಟಾಪಿನ ಚಿಪ್ಪಿನಲ್ಲಿ ನಾಲ್ಕೇ ಅಂಕಿ ಇದ್ದರೆ ಮೊದಲ ಒಂದೇ ಅಂಕಿ ತಲೆಮಾರು. ಐ5-3470 ಎಂದಿದ್ದರೆ ಮೂರನೆಯ ತಲೆಮಾರು, 2012ರ ಮಾಲು. ದೊಡ್ಡ ಊರುಗಳ ಕಚೇರಿಗಳಿಂದ ಹೊರಬಿದ್ದ ಇಂಥ ಯಂತ್ರಗಳು ಬಣ್ಣ ಒರೆಸಿಕೊಂಡು, ಹೊಸ ಕೀಲಿಮಣೆ, ಮೌಸು ಜೊತೆಗಿಟ್ಟುಕೊಂಡು 'ಐ5 ಕಂಪ್ಯೂಟರ್' ಎಂಬ ಫಲಕದ ಕೆಳಗೆ ಮಾರಾಟಕ್ಕೆ ನಿಲ್ಲುತ್ತವೆ. ಹಳೆಯದನ್ನು ಹಳೆಯದೆಂದೇ ಹೇಳಿ ಮಾರಿದರೆ ತಪ್ಪೇನಿಲ್ಲ. ಹೇಳದೆ ಮಾರುವುದೇ ತೊಂದರೆ.

ಗಿಗಾಹರ್ಟ್ಸ್ ಲೆಕ್ಕವೂ ಇಲ್ಲಿ ದಾರಿ ತಪ್ಪಿಸುತ್ತದೆ. ಹಳೆಯ 3470ರ ಮೂಲ ವೇಗ 3.2 ಗಿಗಾಹರ್ಟ್ಸ್, 12400ರ ಮೂಲ ವೇಗ 2.5 ಮಾತ್ರ. ಅಂಕಿ ನೋಡಿದವರು ಹಳೆಯದೇ ಗಟ್ಟಿ ಎಂದುಕೊಂಡಾರು. ಆದರೆ ಹೊಸದು ಕೆಲಸ ಬಿದ್ದಾಗ 4.4ರ ತನಕ ಏರುತ್ತದೆ, ಹಳೆಯದು 3.6ಕ್ಕೇ ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ ಗಿಗಾಹರ್ಟ್ಸ್ ಹೇಳುವುದು ಕತ್ತಿ ಎಷ್ಟು ಸಲ ಆಡಿತು ಎಂಬುದನ್ನು. ಒಂದೊಂದು ಸಲಕ್ಕೆ ಎಷ್ಟು ಕಾಯಿ ಸುಲಿದಿತು ಎಂಬುದನ್ನು ಅದು ಹೇಳುವುದಿಲ್ಲ. ಒಂದು ಆಟಕ್ಕೆ ಹೆಚ್ಚು ಕೆಲಸ ಮುಗಿಸುವ ಜಾಣತನ ಹೊಸ ತಲೆಮಾರಿನದು.

ಹಳೆಯದಕ್ಕೆ ಇನ್ನೊಂದು ತೊಡಕಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು, ಸ್ಥೂಲವಾಗಿ ಹೇಳುವುದಾದರೆ, ಎಂಟನೆಯ ತಲೆಮಾರು ಮತ್ತು ಅದರ ನಂತರದ ಇಂಟೆಲ್ ಚಿಪ್‌ಗಳನ್ನು ಮಾತ್ರ. ಅಂಗಡಿಯಲ್ಲಿ ಹೇಗೋ ಮಾಡಿ ಹಾಕಿಕೊಡುತ್ತಾರೆ, ನಿಜ. ಅಂಥ ಯಂತ್ರಕ್ಕೆ ಮುಂದೆಯೂ ಸುರಕ್ಷತೆಯ ಅಪ್‌ಡೇಟ್‌ಗಳು ಬಂದೇ ಬರುತ್ತವೆ ಎಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಹಣ ತೀರಾ ಕಡಿಮೆ ಇದ್ದವರು ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸಿ, ಉಚಿತವಾಗಿ ಸಿಗುವ ಲಿನಕ್ಸ್ ತುಂಬಿಸಿಕೊಂಡರೆ ಸಿ, ಪೈಥಾನ್ ಕಲಿಯಲು ಧಾರಾಳವಾಗಿ ನಡೆಯುತ್ತದೆ. ಆದರೆ ಅದಕ್ಕೆ ಹೊಸದರ ಬೆಲೆ ಕೊಡಬಾರದು.

ಆರು ಮೆಟ್ಟುಗತ್ತಿ, ಒಂದು ಹಂಡೆ

12400ರಲ್ಲಿ ಆರು ಕೋರ್‌ಗಳಿವೆ. ಕೋರ್ ಎಂದರೆ ಸ್ವತಂತ್ರವಾಗಿ ಕೆಲಸ ಮಾಡಬಲ್ಲ ಒಬ್ಬ ಆಳು ಎಂದುಕೊಳ್ಳಬಹುದು. ಅಡಿಕೆ ಸುಲಿಯಲು ಆರು ಜನ ಮೆಟ್ಟುಗತ್ತಿ ಹಾಕಿಕೊಂಡು ಕುಳಿತರೆ ರಾಶಿ ಬೇಗ ಕರಗುತ್ತದೆ. ಆದರೆ ಸುಲಿದದ್ದನ್ನು ಹಂಡೆಯಲ್ಲಿ ಬೇಯಿಸುವಾಗ ಒಲೆಯ ಮುಂದೆ ಆರು ಜನ ನಿಂತರೂ ಅಷ್ಟೇ ಹೊತ್ತು, ಒಬ್ಬ ನಿಂತರೂ ಅಷ್ಟೇ ಹೊತ್ತು. ಕಂಪ್ಯೂಟರಿನ ಕೆಲಸಗಳೂ ಹೀಗೆ ಎರಡು ಬಗೆ. ವಿಡಿಯೊ ಸಂಕಲನ, ದೊಡ್ಡ ಪ್ರೋಗ್ರಾಮಿನ ಕಂಪೈಲ್ ಮೊದಲಾದ ಹಂಚಿ ಮಾಡಬಹುದಾದ ಕೆಲಸಗಳಲ್ಲಿ ಆರು ಕೋರ್‌ಗಳ ಬೆಲೆ ತಿಳಿಯುತ್ತದೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವುದು, ನುಡಿಯಲ್ಲಿ ಪತ್ರ ಟೈಪು ಮಾಡುವುದು, ಪಿಯುಸಿ ಹುಡುಗರ ಪುಟ್ಟ ಪೈಥಾನ್ ಪ್ರೋಗ್ರಾಮು ಓಡಿಸುವುದು, ಇವಕ್ಕೆಲ್ಲ ಒಂದೆರಡು ಚುರುಕಾದ ಆಳು ಸಾಕು. ಉಳಿದವರು ಎಲೆ ಅಡಿಕೆ ಹಾಕಿಕೊಂಡು ಕುಳಿತಿರುತ್ತಾರೆ.

'ಹನ್ನೆರಡು ಥ್ರೆಡ್' ಎಂದೂ ಪೆಟ್ಟಿಗೆಯ ಮೇಲೆ ಇರುತ್ತದೆ. ಹನ್ನೆರಡು ಆಳು ಎಂದು ಇದರ ಅರ್ಥವಲ್ಲ. ಒಂದು ಬುಟ್ಟಿಗೆ ಕಾಯಿ ಬರುವುದು ತಡವಾದರೆ ಸುಮ್ಮನೆ ಕೂರದೆ ಪಕ್ಕದ ಬುಟ್ಟಿಗೆ ಕೈ ಹಾಕುವ ಉಪಾಯ ಅದು, ಅಷ್ಟೇ.

ಆರು ಕೋರಿನ ಈ ಮಾತಿಗೆ ಕರ್ನಾಟಕದ ನಂಟೂ ಇದೆ. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಕ್ಸಿಯಾನ್ 7400 ಸರಣಿಯ ಚಿಪ್, ಒಳಗಿನ ಹೆಸರು ಡನ್ನಿಂಗ್ಟನ್, ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ. ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳನ್ನು ತುಂಬಿಕೊಂಡಿದ್ದ ಅದರಲ್ಲಿ ಇದ್ದದ್ದೂ ಆರು ಕೋರ್‌ಗಳೇ. ಆಗ ಅದು ದೊಡ್ಡ ದೊಡ್ಡ ಕಂಪನಿಗಳ ಸರ್ವರ್‌ಗಳಲ್ಲಿ ಕೂರುವ ಚಿಪ್. ಹದಿನಾಲ್ಕು ವರ್ಷ ಕಳೆಯುವುದರೊಳಗೆ ಆರು ಕೋರು ವಿದ್ಯಾರ್ಥಿಯ ಮೇಜಿಗೆ ಬಂತು, ಅದೂ ಪ್ರತಿ ಕೋರಿಗೆ ಹೆಚ್ಚಿನ ಶಕ್ತಿಯೊಡನೆ. ಇಂಥ ಚಿಪ್‌ಗಳ ವಿನ್ಯಾಸದಲ್ಲಿ ಕೆಲಸ ಮಾಡುವ ಎಂಜಿನಿಯರುಗಳ ದೊಡ್ಡ ಬಳಗವೇ ಬೆಂಗಳೂರಿನಲ್ಲಿದೆ. ಇಂಟೆಲ್ಲಿನ ಎದುರಾಳಿ ಎಎಂಡಿ ಕೂಡ 2023ರ ನವೆಂಬರಿನಲ್ಲಿ ಅಲ್ಲಿ ತನ್ನ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆಯಿತು. ಎಲೆಕ್ಟ್ರಾನಿಕ್ಸ್ ಓದಬೇಕೆನ್ನುವ ಮಕ್ಕಳು ಇದನ್ನು ನೆನಪಿನಲ್ಲಿಟ್ಟುಕೊಂಡರೆ ನಷ್ಟವಿಲ್ಲ.

ಎಲ್ಲಿ ಸೋಲುತ್ತದೆ?

12400ರ ಬಲ ಲೆಕ್ಕದಲ್ಲಿ, ದೌರ್ಬಲ್ಯ ಚಿತ್ರದಲ್ಲಿ. ಅದರೊಳಗೇ ಯುಎಚ್‌ಡಿ 730 ಎಂಬ ಪುಟ್ಟ ಗ್ರಾಫಿಕ್ಸ್ ಭಾಗವಿದೆ. ಪಾಠದ ವಿಡಿಯೊ ನೋಡಲು, ಆನ್‌ಲೈನ್ ತರಗತಿಗೆ, ಆಟೋಕ್ಯಾಡಿನಲ್ಲಿ ಎರಡು ಆಯಾಮದ ನಕ್ಷೆ ಬರೆಯಲು ಅದು ಸಾಕು. ಮೂರು ಆಯಾಮದ ಕಟ್ಟಡ, ಯಂತ್ರದ ಬಿಡಿಭಾಗ, ಅನಿಮೇಷನ್ ಎಂದು ಹೊರಟರೆ ಏದುಸಿರು ಬಿಡುತ್ತದೆ. ಹೊಸ ಆಟಗಳಂತೂ ದೂರದ ಮಾತು. ಇದನ್ನು ಕೊರತೆ ಎನ್ನುವವರೂ ಇದ್ದಾರೆ, ವರ ಎನ್ನುವ ಪಾಲಕರೂ ಇದ್ದಾರೆ!

ಆರ್ಕಿಟೆಕ್ಚರ್, ಅನಿಮೇಷನ್ ಓದುವವರಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಅದನ್ನು ಮೊದಲ ದಿನವೇ ಕೊಳ್ಳಬೇಕಿಲ್ಲ ಎಂಬುದು ಡೆಸ್ಕ್‌ಟಾಪಿನ ಅನುಕೂಲ. ಮೂರನೆಯ ವರ್ಷಕ್ಕೆ ಬಂದಾಗ, ನಿಜವಾಗಿ ಅಗತ್ಯ ಬಿದ್ದಾಗ, ಒಂದು ಕಾರ್ಡ್ ತಂದು ಸಿಕ್ಕಿಸಬಹುದು. ಅಷ್ಟು ಹೊತ್ತಿಗೆ ಅಪ್ಪನ ಕೈಗೆ ಇನ್ನೆರಡು ಫಸಲು ಬಂದಿರುತ್ತದೆ.

ಇಲ್ಲಿಯೇ ಒಂದು ಅಕ್ಷರದ ಬಲೆ ಇದೆ. ಐ5-12400 ಎಂಬ ಹೆಸರಿನ ಕೊನೆಗೆ 'ಎಫ್' ಎಂದಿದ್ದರೆ ಆ ಚಿಪ್ಪಿನಲ್ಲಿ ಬಳಸಬಲ್ಲ ಗ್ರಾಫಿಕ್ಸ್ ಭಾಗವೇ ಇರುವುದಿಲ್ಲ. ಬಿಡುಗಡೆಯ ದಿನ ಅದರ ದರ 25 ಡಾಲರ್ ಕಡಿಮೆ ಇತ್ತು. ಆ ಉಳಿತಾಯದ ಆಸೆಗೆ ಎಫ್ ತಂದು, ಗ್ರಾಫಿಕ್ಸ್ ಕಾರ್ಡ್ ಹಾಕದೆ ಬಿಟ್ಟರೆ ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆಯ ಮೇಲೆ ಮಾತ್ರ ಏನೂ ಮೂಡುವುದಿಲ್ಲ. ಹಳೆಯ ಕಾರ್ಡೊಂದನ್ನು ಸಿಕ್ಕಿಸಿ ಕೊಟ್ಟರೂ ಮಳೆಗಾಲದ ಒಂದು ರಾತ್ರಿ ಆ ಕಾರ್ಡ್ ಕೈಕೊಟ್ಟರೆ ಇಡೀ ಕಂಪ್ಯೂಟರು ಕುರುಡು. ಬೆಂಗಳೂರಿನಲ್ಲಾದರೆ ಸಂಜೆಯೊಳಗೆ ಇನ್ನೊಂದು ಕಾರ್ಡ್ ಸಿಕ್ಕೀತು. ಸೊರಬದ ಹಳ್ಳಿಯವರು ಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಸಾಗರಕ್ಕೋ ಶಿವಮೊಗ್ಗಕ್ಕೋ ಬಸ್ಸು ಹತ್ತಬೇಕು. ನಾಡಿದ್ದು ಸೆಮಿಸ್ಟರ್ ಪ್ರಾಜೆಕ್ಟ್ ಒಪ್ಪಿಸುವ ದಿನವಾಗಿದ್ದರೆ ಮುಗಿಯಿತು. ಎಫ್ ಇಲ್ಲದ ಚಿಪ್ ಆಗಿದ್ದರೆ ಕೆಟ್ಟ ಕಾರ್ಡನ್ನು ಕಿತ್ತಿಟ್ಟು ಕೆಲಸ ಮುಂದುವರಿಸಬಹುದು. ರಿಪೇರಿಯವರು ಕೂಗಳತೆಯಲ್ಲಿ ಇಲ್ಲದ ಊರಿನಲ್ಲಿ ಆ 25 ಡಾಲರ್ ದುಬಾರಿಯೇನಲ್ಲ.

ಎರಡನೆಯ ಕೊರತೆ ಮುಂದಿನ ದಾರಿಯದು. ಈ ಚಿಪ್ ಕೂರುವ ಎಲ್‌ಜಿಎ 1700 ಎಂಬ ಸಾಕೆಟ್ಟಿಗೆ ಹನ್ನೆರಡು, ಹದಿಮೂರು, ಹದಿನಾಲ್ಕನೆಯ ತಲೆಮಾರಿನ ಚಿಪ್‌ಗಳು ಹೊಂದುತ್ತವೆ. 2024ರ ಅಕ್ಟೋಬರಿನಲ್ಲಿ ಬಂದ ಕೋರ್ ಅಲ್ಟ್ರಾ ಸರಣಿಗೆ ಇಂಟೆಲ್ ಸಾಕೆಟ್ಟನ್ನೇ ಬದಲಿಸಿತು. ಹಾಗಾಗಿ ಮುಂದೆ ಹೊಸ ತಲೆಮಾರು ಬೇಕೆಂದರೆ ಮದರ್‌ಬೋರ್ಡೂ ಬದಲಾಗಬೇಕು. ಹದಿಮೂರು, ಹದಿನಾಲ್ಕರ ಕೆಲವು ಹೆಚ್ಚು ಶಕ್ತಿಯ ಚಿಪ್‌ಗಳು ತಾವಾಗಿ ಸ್ಥಗಿತಗೊಳ್ಳುವ ತೊಂದರೆ ಕೊಟ್ಟು, 2024ರಲ್ಲಿ ಇಂಟೆಲ್ ಅದನ್ನು ಒಪ್ಪಿಕೊಂಡು ತಿದ್ದುಪಡಿ ಹೊರಡಿಸಿ, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಬೇಕಾಯಿತು. ಹನ್ನೆರಡನೆಯ ತಲೆಮಾರಿಗೆ ಆ ರೋಗ ತಗಲಿರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

'ಎಐ ಕಂಪ್ಯೂಟರ್' ಎಂಬ ಹೊಸ ಮಾತೊಂದು ಅಂಗಡಿಗಳಲ್ಲಿ ಕೇಳಿಬರುತ್ತಿದೆ. ಅದಕ್ಕೆ ಬೇಕಾದ ಎನ್‌ಪಿಯು ಎಂಬ ಪ್ರತ್ಯೇಕ ಭಾಗ 12400ರಲ್ಲಿ ಇಲ್ಲ. ಅದರಿಂದ ವಿದ್ಯಾರ್ಥಿಗೆ ಆಗುವ ನಷ್ಟ ಸದ್ಯಕ್ಕೆ ಅತ್ಯಲ್ಪ. ಚಾಟ್‌ಜಿಪಿಟಿಯಂಥವು ನಡೆಯುವುದು ಎಲ್ಲೋ ದೂರದ ಸರ್ವರ್‌ಗಳಲ್ಲಿ. ಮನೆಯ ಯಂತ್ರ ಪ್ರಶ್ನೆ ಕಳಿಸಿ ಉತ್ತರ ತೋರಿಸುತ್ತದೆ, ಅಷ್ಟೇ. ಆ ಶಾಸ್ತ್ರವನ್ನೇ ಓದುವವರು ಗೂಗಲ್ಲಿನ ಕೊಲ್ಯಾಬ್ ಮೂಲಕ ದೂರದ ಯಂತ್ರದಲ್ಲಿ ಅಭ್ಯಾಸ ಮಾಡಲು ಒಂದು ಮಿತಿಯವರೆಗೆ ಹಣವನ್ನೂ ಕೊಡಬೇಕಿಲ್ಲ.

ಕರೆಂಟು, ಮಳೆ, ಧೂಳು

ಪ್ರೊಸೆಸರ್ ಪರೀಕ್ಷೆಗಳೆಲ್ಲ ನಡೆಯುವುದು ಹವಾನಿಯಂತ್ರಿತ ಕೋಣೆಗಳಲ್ಲಿ. ಸೊರಬದ ಕಡೆಯ ಮಳೆ, ಶಿಕಾರಿಪುರದ ಬೇಸಿಗೆ ಆ ಪಟ್ಟಿಗಳಲ್ಲಿ ಇರುವುದಿಲ್ಲ. ಗಾಳಿಗೆ ಮರ ಬಿದ್ದು ಮೆಸ್ಕಾಂ ತಂತಿ ಕಡಿಯಿತೆಂದರೆ ಎಷ್ಟು ಕೋರ್ ಇದ್ದೇನು?

12400 ಸಾಧಾರಣ ಹೊರೆಗೆ 65 ವಾಟ್, ಏರಿದಾಗ ಗರಿಷ್ಠ 117 ವಾಟ್ ಎಂದು ಇಂಟೆಲ್ ಹೇಳುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಓದು ಬರಹದ ಕೆಲಸದಲ್ಲಿ ಮಾನಿಟರೂ ಸೇರಿ ಇಡೀ ಯಂತ್ರ 100 ವಾಟ್ ಮೀರುವುದು ಅಪರೂಪ. ದಿನಕ್ಕೆ ಐದು ಗಂಟೆ ಬಳಸಿದರೂ ಅರ್ಧ ಯೂನಿಟ್, ತಿಂಗಳಿಗೆ ಹದಿನೈದು. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗಳು ಈ ಹದಿನೈದನ್ನು ಕೂಡಿಸಿ ನೋಡಿಕೊಳ್ಳುವುದು ಒಳ್ಳೆಯದು. ಇದಕ್ಕೆ ಆರ್‌ಟಿಎಕ್ಸ್ 3060ಯಂಥ ಕಾರ್ಡ್ ಸೇರಿಸಿದರೆ ಅದೊಂದೇ ಹೊರೆ ಬಿದ್ದಾಗ 170 ವಾಟ್ ಎಳೆಯುತ್ತದೆ. 600 ವಿಎ ಎಂದು ಬರೆದ ಯುಪಿಎಸ್ ಸಾಮಾನ್ಯವಾಗಿ ತಾಳಿಕೊಳ್ಳುವುದು 360 ವಾಟ್. ಚಿಪ್, ಕಾರ್ಡ್, ಮಾನಿಟರ್ ಎಲ್ಲ ಕೂಡಿ ಆ ಗಡಿಗೆ ಬಂದು ನಿಂತಿರುತ್ತವೆ. ಕರೆಂಟು ಹೋದ ಕ್ಷಣವೇ ಯುಪಿಎಸ್ ಕಿರುಚಿ ಮಲಗಿದರೆ ಆಶ್ಚರ್ಯವಿಲ್ಲ.

ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಎನ್ನುವವರೂ ಉಂಟು. ಕರೆಂಟು ಹೋದಾಗ ಇನ್ವರ್ಟರ್ ಬದಲಾಗಲು ತೆಗೆದುಕೊಳ್ಳುವ ಕ್ಷಣಾರ್ಧದಲ್ಲಿ ಬಲ್ಬು ಮಿಟುಕಿ ಹೊತ್ತಿಕೊಳ್ಳುತ್ತದೆ, ಕಂಪ್ಯೂಟರ್ ಆರಿ ಮತ್ತೆ ಮೊದಲಿನಿಂದ ಶುರುವಾಗಬಹುದು. ಹಲವು ಇನ್ವರ್ಟರ್‌ಗಳಲ್ಲಿ ಹಿಂಬದಿಗೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬದಲಾವಣೆ ಬೇಗ ಆಗುತ್ತದೆ.

ಚಿಪ್ಪಿನ ಜೊತೆ ಪೆಟ್ಟಿಗೆಯಲ್ಲಿ ಬರುವ ಫ್ಯಾನು ಈ ಪ್ರೊಸೆಸರಿಗೆ ಸಾಕಾಗುತ್ತದೆ, ಹೊರೆ ಬಿದ್ದಾಗ ಸದ್ದು ಮಾಡಿದರೂ ಸರಿ. ಆದರೆ ಅದರ ರೆಕ್ಕೆಗಳಿಗೆ ಧೂಳು ಕಟ್ಟಿದರೆ ಬಿಸಿ ಏರುತ್ತದೆ. 100 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಕಂಪ್ಯೂಟರ್ ನಿಧಾನವಾಯಿತೆಂದು ದೂರುವ ಮೊದಲು ಒಂದು ಬ್ರಷ್ ಹಿಡಿದು ಮುಚ್ಚಳ ತೆಗೆಯಬೇಕು. ಅಲ್ಲಿ ಹಲ್ಲಿಯ ಸಂಸಾರ ಕಂಡರೂ ಮಲೆನಾಡಿನವರು ಗಾಬರಿಯಾಗಬೇಕಿಲ್ಲ.

ಯಾರಿಗೆ ಯಾವುದು?

ಎಎಂಡಿಯ ರೈಜೆನ್ 5 5600ಜಿ ಇದಕ್ಕೆ ಸರಿಸಮಾನ ಎದುರಾಳಿ. 2021ರಲ್ಲಿ ಅಂಗಡಿಗೆ ಬಂದ ಅದರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್, 65 ವಾಟ್. ಒಳಗಿನ ಗ್ರಾಫಿಕ್ಸ್ ಭಾಗ ಇಂಟೆಲ್ಲಿನದಕ್ಕಿಂತ ಬಲವಾದದ್ದು. ಬೇರೆ ಕಾರ್ಡ್ ಎಂದೂ ಕೊಳ್ಳುವುದಿಲ್ಲ, ಆದರೂ ಸ್ವಲ್ಪ ಚಿತ್ರದ ಕೆಲಸ ಇದೆ ಎನ್ನುವವರಿಗೆ ಅದೇ ಮೇಲು. ಒಂದೇ ಆಳಿನ ಚುರುಕು ಬೇಕಾದ ಕೆಲಸದಲ್ಲಿ, ಮುಂದೆ ದೊಡ್ಡ ಕಾರ್ಡ್ ಹಾಕುವುದರಲ್ಲಿ 12400 ಮುಂದು. ಇಬ್ಬರಲ್ಲಿ ಯಾರನ್ನು ತಂದರೂ ಎಂಟೆಂಟು ಜಿಬಿಯ ಎರಡು ರ‍್ಯಾಮ್ ಪಟ್ಟಿ ಹಾಕಿಸಬೇಕು. ಹದಿನಾರರ ಒಂದೇ ಪಟ್ಟಿಗಿಂತ ಜೋಡಿಯಲ್ಲಿ ಒಳಗಿನ ಗ್ರಾಫಿಕ್ಸ್ ಎದ್ದು ಕಾಣುವಷ್ಟು ಚೇತರಿಸಿಕೊಳ್ಳುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. 12400ಕ್ಕೆ ಹಳೆಯ ಡಿಡಿಆರ್4 ಸಾಲುತ್ತದೆ, ಮನೆಯಲ್ಲಿ ಅಥವಾ ಪರಿಚಯದವರಲ್ಲಿ ಒಳ್ಳೆಯ ಪಟ್ಟಿ ಇದ್ದರೆ ಅದಕ್ಕೆ ಹೊಂದುವ ಬೋರ್ಡ್ ಆರಿಸಿಕೊಳ್ಳಬಹುದು.

ಬಿ.ಕಾಂ., ಬಿ.ಎ., ಪಿಯುಸಿ ವಿದ್ಯಾರ್ಥಿಗಳಿಗೆ ಐ5 ಕೂಡ ಬೇಕಿಲ್ಲ ಎಂದರೆ ಅಂಗಡಿಯವರಿಗೆ ಬೇಸರವಾದೀತು. ಅದೇ ಹನ್ನೆರಡನೆಯ ತಲೆಮಾರಿನ ಐ3-12100ರಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್ ಇವೆ. ಅಂಥ ಕೆಲಸಗಳಲ್ಲಿ ಎರಡರ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಕಷ್ಟ. 2012ರ ಐ5ನ್ನು ಈ ಐ3 ಸುಲಭವಾಗಿ ಸೋಲಿಸುತ್ತದೆ. ಉಳಿದ ಹಣ ಎಸ್‌ಎಸ್‌ಡಿಗೆ, ಯುಪಿಎಸ್‌ಗೆ ಹೋಗಲಿ. ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್, ವಿಡಿಯೊ ಕೆಲಸ ಎನ್ನುವವರಿಗೆ ಆರು ಕೋರಿನ ಖರ್ಚು ಸಾರ್ಥಕ.

ಹಾಸ್ಟೆಲ್ಲಿಗೆ ಹೊರಟ ಮಕ್ಕಳ ವಿಷಯದಲ್ಲಿ ಡೆಸ್ಕ್‌ಟಾಪಿನ ಪರ ವಾದವೇ ನಿಲ್ಲುವುದಿಲ್ಲ. ಅಲ್ಲಿ ಲ್ಯಾಪ್‌ಟಾಪೇ ಸರಿ, ಅದರ ಬ್ಯಾಟರಿಯೇ ಯುಪಿಎಸ್. ಆದರೆ ಲ್ಯಾಪ್‌ಟಾಪಿನ ಐ5 ಬೇರೆಯೇ ಜಾತಿ. ಉದಾಹರಣೆಗೆ ಐ5-1235ಯು ಕೂಡ ಹನ್ನೆರಡನೆಯ ತಲೆಮಾರಿನದೇ, ಹತ್ತು ಕೋರ್ ಎಂದೂ ಬರೆದಿರುತ್ತದೆ. ಅದರಲ್ಲಿ ದೊಡ್ಡ ಕೋರ್‌ಗಳು ಎರಡೇ, ಉಳಿದ ಎಂಟು ಸಣ್ಣವು. ಒಟ್ಟು ನಡೆಯುವುದು 15 ವಾಟಿನ ಮೂಲ ಮಿತಿಯಲ್ಲಿ. ಹತ್ತು ಆರಕ್ಕಿಂತ ದೊಡ್ಡದೆಂಬ ಶಾಲೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಅಂಗಡಿಯ ಬಿಲ್ಲಿನಲ್ಲಿ 'ಐ5 ಕಂಪ್ಯೂಟರ್' ಎಂದಷ್ಟೇ ಬರೆಸಿಕೊಂಡು ಬರಬಾರದು. ಪ್ರೊಸೆಸರಿನ ಪೂರ್ತಿ ಅಂಕಿ, ಎಫ್ ಇದೆಯೇ ಇಲ್ಲವೇ, ಎಲ್ಲ ಕಾಣಿಸಬೇಕು. ಇಂಟೆಲ್ ಪೆಟ್ಟಿಗೆಯಲ್ಲಿ ಮಾರುವ ಚಿಪ್ಪಿಗೆ ಮೂರು ವರ್ಷದ ವಾರಂಟಿ ಇದೆ, ಹಾಗಾಗಿ ಖಾಲಿ ಪೆಟ್ಟಿಗೆಯನ್ನೂ ಕೇಳಿ ಪಡೆದು ಅಟ್ಟದ ಮೇಲೆ ಇಟ್ಟುಕೊಳ್ಳಬೇಕು. ಹಣ ಎಣಿಸುವ ಮೊದಲು ಯಂತ್ರ ಚಾಲೂ ಮಾಡಿಸಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಎಂಬಲ್ಲಿ ಒತ್ತಿದರೆ ಚಿಪ್ಪಿನ ಪೂರ್ತಿ ಹೆಸರು, ಕೋರ್‌ಗಳ ಸಂಖ್ಯೆ, ಥ್ರೆಡ್‌ಗಳ ಸಂಖ್ಯೆ ಮೂಡುತ್ತವೆ. 12400 ಎಂದು ಹೇಳಿ ಕೊಟ್ಟದ್ದರಲ್ಲಿ ಆರು ಮತ್ತು ಹನ್ನೆರಡು ಕಾಣಬೇಕು. ನಾಲ್ಕು ಮತ್ತು ನಾಲ್ಕು ಕಂಡರೆ ಅದು ಯಾವುದೋ ಹಳೆಯ ಕಚೇರಿಯ ಐ5. ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟು ಮುಂದಿನ ಬಸ್ಸು ಹಿಡಿಯಬಹುದು.